ಊಟದ ಕೋಣೆಯಲ್ಲಿ ಸೋಂಕು ನಿಯಂತ್ರಣ

ಕೊರೊನಾ ಎರಡನೆಯ ಸಲ ಬಂದ ಆ ಬೇಸಿಗೆಯಲ್ಲಿ, ನಮ್ಮ ಆಸ್ಪತ್ರೆಯ ಸಿಬ್ಬಂದಿಗೆ ಸೋಂಕು ತಗುಲದಂತೆ ನೋಡಿಕೊಳ್ಳುವ ಗುರುತರ ಹೊಣೆಯನ್ನು ನನಗೆ ವಹಿಸಲಾಯಿತು. ಆಸ್ಪತ್ರೆ ಯಾವುದೆಂದು ಹೇಳಲಾರೆ. ನವಲಗುಂದದ ಆಚೆ ಈಚೆ ಎಲ್ಲೋ ಇದೆ ಎಂದಿಟ್ಟುಕೊಳ್ಳಿ. ನಾನು ಅಲ್ಲಿ ನರ್ಸು. ಗಂಡಸಾದ್ದರಿಂದ ಎಲ್ಲರೂ ನನ್ನನ್ನು 'ಬ್ರದರ್' ಎನ್ನುತ್ತಾರೆ, ಹೆಂಡತಿಯೊಬ್ಬಳನ್ನು ಬಿಟ್ಟು.

ಡಾಕ್ಟರ್ ಮೇಡಂ ಮೊದಲ ದಿನವೇ ಎಚ್ಚರಿಸಿದ್ದರು.

"ಬ್ರದರ್, ನಮ್ಮ ಮಂದೀನ ಜಡ್ಡು ಹಿಡದು ಮಲಗಿದ್ರ ವಾರ್ಡ್ ಮುಚ್ಚಬೇಕಾಗತೈತಿ. ರೋಗಿಗಳ್ನ ಹುಬ್ಬಳ್ಳಿಗೆ ಕಳಸಬೇಕು. ಅಲ್ಲೆ ಹಾಸಿಗಿ ಸಿಗವಲ್ವು."

"ಕಾಳಜಿ ಬಿಡ್ರಿ ಮೇಡಂ. ಒಬ್ಬರಿಗೂ ಬರಗೊಡೂದಿಲ್ಲ," ಅಂದೆ. ಆ ರೋಗಾಣು ನನ್ನ ಕೈಕೆಳಗಿನ ನೌಕರ ಎನ್ನುವ ಧಾಟಿಯಲ್ಲಿ ಅಂದೆ.

ಅಂದಿನಿಂದ ನನ್ನ ಆಡಳಿತ ಶುರುವಾಯಿತು. ಗೌನು ತೊಡುವುದು ಹೇಗೆ, ಕಳಚುವುದು ಹೇಗೆ, ಕೈ ಎಷ್ಟು ಹೊತ್ತು ತೊಳೆಯಬೇಕು, ರುಚಿ ವಾಸನೆ ಹೋದರೆ ಯಾರಿಗೆ ಹೇಳಬೇಕು ಎಂದು ದಿನಾ ಪಾಠ. ಶಲವಡಿಯಿಂದ ಬಂದಿದ್ದ ಅಜ್ಜನೊಬ್ಬ ಮಾಸ್ಕು ಗಲ್ಲಕ್ಕಿಳಿಸಿದರೆ, "ಯಜ್ಜಾ, ಕೊರೊನಾ ಗಡ್ಡದಾಗಿಂದ ಬರೂದಿಲ್ಲೋ, ಮೂಗು ಮುಚ್ಚು," ಎಂದು ಗದರುತ್ತಿದ್ದೆ. ಅಜ್ಜನಿಗೆ ಉಸಿರಾಡಲು ಆಗುತ್ತಿರಲಿಲ್ಲ ಎನ್ನುವುದು ನಿಯಮದಲ್ಲಿ ಬರುತ್ತಿರಲಿಲ್ಲ.

ವಾರ್ಡಿನಲ್ಲಿ ಹೀಗೆ ಅಡಿಯಿಂದ ಮುಡಿವರೆಗೆ ಮುಚ್ಚಿಕೊಂಡ ನಾವು, ಮಧ್ಯಾಹ್ನ ಎಲ್ಲ ಕಳಚಿ ಊಟದ ಕೋಣೆ ಸೇರುತ್ತಿದ್ದೆವು. ಅದೊಂದು ಸಣ್ಣ ಕೋಣೆ. ಎರೆಮಣ್ಣಿನ ಧೂಳು ಬರುತ್ತದೆಂದು ಕಿಟಕಿ ಹಾಕಿರುತ್ತಿದ್ದೆವು. ಮಾಸ್ಕುಗಳನ್ನು ಮೊಳೆಗೆ ತಗುಲಿಸಿ, ಮೊಣಕಾಲಿಗೆ ಮೊಣಕಾಲು ಹಚ್ಚಿ, ನೆಲದ ಮೇಲೆ ಸುತ್ತುಗಟ್ಟಿ ಕೂರುತ್ತಿದ್ದೆವು. ಮೆಹರುನ್ನಿಸಾ ಸಿಸ್ಟರ್ ತಂದ ಮಡಕಿಕಾಳಿನ ಪಲ್ಯಕ್ಕೆ ವಾರ್ಡಿನ ಆಳು ಫಕೀರಪ್ಪನ ರೊಟ್ಟಿ, ಫಕೀರಪ್ಪನ ಕೆಂಪು ಚಟ್ನಿಗೆ ನನ್ನ ರೊಟ್ಟಿ, ನನ್ನ ಎಣ್ಣೆಗಾಯಿಗೆ ಎಲ್ಲರ ಕೈ. ನಮ್ಮ ಕಡೆ ಒಬ್ಬನೇ ಬುತ್ತಿ ಬಿಚ್ಚಿ ಉಣ್ಣುವವನನ್ನು ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲದೆ, ಕೈ ತೊಳೆದಿದ್ದೆವಲ್ಲ!

ಹೀಗಿರಲು ಒಂದು ಬೆಳಿಗ್ಗೆ, ಹೆಂಡತಿ ನೀಲಾ ಬಡಿಸಿದ ಬದನೆಕಾಯಿ ಬಾಯಿಗೆ ಹತ್ತಲಿಲ್ಲ.

"ಉಪ್ಪು ಹಾಕೂದು ಮರ್ತಿಯೇನು?"

"ಹಾಕೀನಿ."

"ಖಾರಾನೂ ಇಲ್ಲ. ಅಗದಿ ಸಪ್ಪಗೈತಿ."

"ದಿನಾ ಹಾಕಿದಷ್ಟ ಹಾಕೀನ್ರಿ."

ಅಷ್ಟಕ್ಕೆ ಬಿಡಬೇಕಿತ್ತು. ಬಿಡಲಿಲ್ಲ. "ಕೈಗುಣ ಅನ್ನೂದು ನಮ್ಮವ್ವಗ ಇತ್ತು ನೋಡು," ಅಂದೆ.

ನೀಲಾ ಮಾತು ಬಿಟ್ಟಳು. ಅಂದಿನಿಂದ ನನ್ನ ತಾಟು ಹೊಸ್ತಿಲಾಚೆಯಿಂದ ಸರಿದು ಬರತೊಡಗಿತು. ಸಂಜೆಗೆ ಹಾಸಿಗೆ ಸುತ್ತಿಕೊಂಡು ಮಾಳಿಗೆ ಏರಿದಳು. ಬುತ್ತಿ ಮಾತ್ರ ಕಟ್ಟುತ್ತಿದ್ದಳು. ಹೆಣ್ಣಿನ ಹಟವೆಂದು ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ.

ಮರುದಿನದ ಬುತ್ತಿಯಲ್ಲಿ ಅವಳು ಉತ್ತರ ಕಟ್ಟಿ ಕಳಿಸಿದ್ದಳು. ಊಟದ ಕೋಣೆಯಲ್ಲಿ ಫಕೀರಪ್ಪ ನನ್ನ ಎಣ್ಣೆಗಾಯಿಗೆ ರೊಟ್ಟಿ ಅದ್ದಿ ಒಂದು ತುತ್ತು ತಿಂದವನೇ ಬಿಕ್ಕಳಿಸತೊಡಗಿದ. ಕಣ್ಣು ಕೆಂಪಾಗಿ, ಮೂಗಲ್ಲಿ ನೀರು ಸುರಿದು, ಸುತ್ತಲಿದ್ದವರ ಮೇಲೆಲ್ಲ ಕೆಮ್ಮಿದ. ಮೆಹರುನ್ನಿಸಾ ಸಿಸ್ಟರ್ ನಾಲಗೆಗೆ ತುಸುವೇ ಹಚ್ಚಿ ನೀರಿನ ಕೊಡದತ್ತ ಓಡಿದರು.

"ಏನ್ರೀ ಬ್ರದರ್, ಮೆಣಸಿನಕಾಯಿ ಸಂತಿನ ಹಾಕ್ಯಾರಲ್ಲ ಇದರಾಗ!" ಎಂದರು ಅಲ್ಲಿಂದಲೇ.

"ಎಲ್ಲೆ ಐತ್ರಿ ಖಾರ? ಇವತ್ತೂ ಸಪ್ಪಗ ಮಾಡ್ಯಾಳ," ಎಂದು ನಾನು ಎರಡನೆಯ ರೊಟ್ಟಿಗೆ ಕೈ ಹಾಕಿದೆ.

ಸಿಸ್ಟರ್ ವಾರ್ಡಿಗೆ ಹೋಗಿ ಒಂದು ಬಾಟಲಿ ತಂದು ಮುಚ್ಚಳ ತೆಗೆದು ನನ್ನ ಮೂಗಿಗೆ ಹಿಡಿದರು.

"ವಾಸನಿ ಬರತೈತೇನ್ರಿ?"

"ನೀರಿಗೆ ಎಂಥಾ ವಾಸನಿ ಸಿಸ್ಟರ್?"

ಅದು ಸ್ಪಿರಿಟ್ಟು.

"ಬ್ರದರ್, ರುಚಿ ವಾಸನಿ ಹೋದ್ರ ಏನಂತ ನೀವ ಪಾಠ ಮಾಡಿದ್ರೆಲ್ಲ," ಎಂದರು ಸಿಸ್ಟರ್, ಮೊಳೆಯಿಂದ ಮಾಸ್ಕು ಎಳೆದುಕೊಳ್ಳುತ್ತ. ಪಾಠ ಮಾಡಿದ್ದೆ, ನಿಜ. ಆದರೆ ಆ ಲಕ್ಷಣ ರೋಗಿಗಳಿಗೆ ಬರುವಂಥದ್ದು. ನಮ್ಮ ಮನೆಯಲ್ಲಿ ಅದು ಹೆಂಡತಿಯ ತಪ್ಪು.

ಅರ್ಧ ಗಂಟೆಯೊಳಗೆ ಪರೀಕ್ಷೆಯಲ್ಲಿ ನನಗೆ ಸೋಂಕು ಖಾತ್ರಿಯಾಗಿ, ಮೇಡಂ ಊಟದ ಕೋಣೆಯ ಬಾಗಿಲಿಗೆ ಬಂದು ನಿಂತರು. ಆಗಲೂ ನಾನು ಸೋಲಲಿಲ್ಲ.

"ಶಲವಡಿ ಅಜ್ಜಂದ ಇರಬೇಕ್ರಿ ಮೇಡಂ. ಭಾಳ ಕೆಮ್ಮತಿದ್ದ."

"ವಾರ್ಡಿನಾಗ ನೀವು ಮಾಸ್ಕ್ ತಗದಿದ್ರೇನು?"

"ಛೇ, ಇಲ್ರಿ."

"ಮತ್ತ ಎಲ್ಲೆ ತಗೀತಿದ್ರಿ?"

ನಾವೆಲ್ಲ ನಮ್ಮ ನಮ್ಮ ಬುತ್ತಿ ಡಬ್ಬಿ ನೋಡಿಕೊಂಡೆವು.

ಕೂಡಿ ಉಂಡವರೆಲ್ಲ ಕೂಡಿಯೇ ಮಲಗಿದೆವು. ವಾರ್ಡು ಮುಚ್ಚಿತು. ಅಜ್ಜನನ್ನೂ ಉಳಿದವರನ್ನೂ ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಸಾಗಿಸುವುದನ್ನು, ಮನೆಗೆ ಹೋಗುವ ಮುನ್ನ ಊಟದ ಕೋಣೆಯ ಕಿಟಕಿಯಿಂದ ನೋಡಿದೆ. ಬಹಳ ನಾಚಿಕೆಯಾಯಿತು. ಅವರಿಗೆಲ್ಲ ಅಲ್ಲಿ ಹೇಗೋ ಹಾಸಿಗೆ ಸಿಕ್ಕಿತು, ಗುಣವಾಗಿ ಊರಿಗೆ ಮರಳಿದರು. ಅದು ಮೇಡಂ ದಿನವಿಡೀ ಫೋನು ಹಿಡಿದು ಗೋಗರೆದದ್ದರ ಫಲ. ನನ್ನ ಪಾಲು ಏನೂ ಇಲ್ಲ. ಪತ್ರಿಕೆಯಲ್ಲಿ ಮಾತ್ರ 'ಸೇವೆ ಮಾಡುತ್ತಲೇ ಸೋಂಕಿಗೆ ಒಳಗಾದ ಯೋಧರು' ಎಂದು ನಮ್ಮ ಸುದ್ದಿ ಬಂತು. ಊಟ ಮಾಡುತ್ತಲೇ ಎಂದು ಯಾರೂ ಬರೆಯಲಿಲ್ಲ. ನಾವೂ ತಿದ್ದಲು ಹೋಗಲಿಲ್ಲ.

ನನ್ನ ಸಂಪರ್ಕಕ್ಕೆ ಬಂದವರಲ್ಲಿ ಸೋಂಕಿಲ್ಲ ಎಂದು ವರದಿ ಬಂದದ್ದು ನೀಲಾಳದ್ದು ಮಾತ್ರ. ಮೇಡಂ ಅವಳಿಗೆ ತಾವೇ ಫೋನು ಮಾಡಿದರು. ನಾನು ಒಳಕೋಣೆಯಲ್ಲಿ ಬಿದ್ದುಕೊಂಡು, ಮಾಳಿಗೆ ಮೆಟ್ಟಿಲಿನಿಂದ ಬರುವ ಮಾತಿಗೆ ಕಿವಿಯಾದೆ. ನೀಲಾ ಫೋನಿನ ಸ್ಪೀಕರ್ ಹಚ್ಚಿದ್ದಳು, ನನಗೆ ಕೇಳಲೆಂದೇ ಇರಬೇಕು.

"ಒಂದ ಮನ್ಯಾಗ ಇದ್ದು ನಿಮಗ ಬಂದಿಲ್ಲಲ್ರೀ! ಬ್ರದರ್ ಮನ್ಯಾಗೂ ಚಲೋ ತರಬೇತಿ ಕೊಟ್ಟಿರಬೇಕು."

"ತರಬೇತಿ ಏನಿಲ್ರಿ ಮೇಡಂ," ಎಂದಳು ನೀಲಾ. "ಅಡಿಗಿ ಸಪ್ಪಗೈತಂತ ಹೆಸರಿಟ್ರು. ಸಿಟ್ಟಾಗಿ ದೂರ ಇದ್ದೆ."

ಹಾಗಾಗಿ, ನನ್ನ ಇಡೀ ಆಡಳಿತದಲ್ಲಿ ನಾನು ಸೋಂಕಿನಿಂದ ಕಾಪಾಡಿದ್ದು ಒಬ್ಬಳನ್ನು. ಅದೂ ಬೈದು.