ಅಂಗೈ ನೋಡುವ ಅಭ್ಯಾಸ

ಬೇರೆಯವರ ಮಕ್ಕಳಿಗೆ ಬುದ್ಧಿ ಹೇಳುವುದು ನನ್ನ ಹೊಟ್ಟೆಪಾಡು. ಆಳಂದದಿಂದ ದಿನವೂ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ. ಪಾಲಕರ ಸಭೆ ಕರೆದಾಗಲೆಲ್ಲ ಮೊಬೈಲಿನಿಂದ ಮಕ್ಕಳಿಗಾಗುವ ಹಾನಿಯ ಬಗ್ಗೆ ಮಾತಾಡುವ ಕೆಲಸ ತಪ್ಪದೆ ನನ್ನ ಪಾಲಿಗೆ ಬರುತ್ತದೆ. ಚೆನ್ನಾಗಿಯೇ ಮಾತಾಡುತ್ತೇನೆ. ಹಿಂದಿನ ಸಾಲಿನ ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಂಡದ್ದೂ ಉಂಟು. ಮಾತು ಮುಗಿದ ಮೇಲೆ ಹೆಡ್‌ಮಾಸ್ತರರು ಅದರ ವಿಡಿಯೊವನ್ನು ಶಾಲೆಯ ಗ್ರೂಪಿಗೆ ಹಾಕುತ್ತಾರೆ. ಎಷ್ಟು ಜನ ನೋಡಿದರು, ಯಾರು ಯಾರು ಕೈಮುಗಿದ ಚಿತ್ರ ಕಳಿಸಿದರು ಎಂದು ಲೆಕ್ಕ ಹಾಕುತ್ತ ನಾನು ಬಸ್ಸಿನಲ್ಲಿ ಮನೆಗೆ ಬರುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಮುಂದೆ ನನ್ನ ಮಗಳ ಮೇಲೆ ದೂರು ಹೇಳುವವನಿದ್ದೇನೆ. ದೂರು ಹೇಳುವವನು ಎಂಥವನೆಂದು ನಿಮಗೆ ಗೊತ್ತಿರುವುದು ಒಳ್ಳೆಯದು.

ಮಗಳ ಹೆಸರು ಸಿಂಚನಾ, ವಯಸ್ಸು ಎಂಟು. ಅವಳ ತಾಟಿನಲ್ಲಿ ರೊಟ್ಟಿ ಇರಲಿ, ಅನ್ನ ಇರಲಿ, ಪುಂಡಿಪಲ್ಯ ಇರಲಿ, ಅವಳಿಗೆ ಎಲ್ಲವೂ ಒಂದೇ. ಎದುರಿಗೆ ನೀರಿನ ಚೊಂಬಿಗೆ ಒರಗಿಸಿಟ್ಟ ಮೊಬೈಲ್ ಮಾತ್ರ ಬೇಕು. ಅದರಲ್ಲಿ ಕಥೆಯೋ ಹಾಡೋ ಬಂದರೆ ನಾನೂ ಸುಮ್ಮನಿರುತ್ತಿದ್ದೆ. ಬರುವುದು ಡಬ್ಬಿ ಬಿಚ್ಚುವ ವಿಡಿಯೊ. ಯಾವ ಊರಿನದೋ ಗೊತ್ತಿಲ್ಲದ ಒಂದು ಹುಡುಗಿ ದೊಡ್ಡದೊಂದು ಡಬ್ಬಿ ಇಟ್ಟುಕೊಂಡು ಕೂತಿರುತ್ತಾಳೆ. ಡಬ್ಬಿಯೊಳಗೊಂದು ಡಬ್ಬಿ, ಅದರೊಳಗೆ ಹಾಳಿ, ಹಾಳಿಯೊಳಗೆ ಪ್ಲಾಸ್ಟಿಕ್ ಚೀಲ, ಅದರೊಳಗೆ ಗೊಂಬೆ. ಗೊಂಬೆ ಹೊರಗೆ ಬರುತ್ತಲೇ ವಿಡಿಯೊ ಮುಗಿಯುತ್ತದೆ. ಅದರ ಜೊತೆ ಯಾರೂ ಆಡುವುದಿಲ್ಲ. ನಮ್ಮ ಮನೆಯಲ್ಲೂ ಇದೇ ಪದ್ಧತಿ ಬಂದುಬಿಟ್ಟಿದೆ. ಅತ್ತು ಕರೆದು ತರಿಸಿಕೊಂಡ ಗೊಂಬೆಗಳು ಕಪಾಟಿನ ಮೇಲಿವೆ, ಬಿಚ್ಚಿದ ಡಬ್ಬಿಗಳು ಅವಳ ಹಾಸಿಗೆಯ ಪಕ್ಕದಲ್ಲಿವೆ. ಮಾತೂ ಆ ಹುಡುಗಿಯದೇ. ಬಚ್ಚಲಿಗೆ ಹೋಗುವಾಗ "ಹಾಯ್ ಫ್ರೆಂಡ್ಸ್, ಇವತ್ತು ನಾವು ತಲೆಸ್ನಾನ ಮಾಡೋಣ ಬನ್ನಿ" ಎಂದು ಗೋಡೆಗೆ ಹೇಳಿ ಹೋಗುತ್ತಾಳೆ. ಒಳಗಿನಿಂದ ನನ್ನ ಹೆಂಡತಿ ಸವಿತಾ, "ಫ್ರೆಂಡ್ಸಿಗೆ ಅಲ್ಲೇ ನಿಂದ್ರಂತ ಹೇಳಬೇ, ಶಾಲಿಗಿ ಹೊತ್ತಾಗ್ಯದ" ಎಂದು ಕೂಗುತ್ತಾಳೆ.

ನಮ್ಮ ಬಾಲ್ಯ ಹೀಗಿರಲಿಲ್ಲ ಎಂದು ಹೇಳುವ ಚಟ ಎಲ್ಲ ತಂದೆಯರಿಗೂ ಇರುವಂತೆ ನನಗೂ ಇದೆ. ಒಂದು ಭಾನುವಾರ ಅವಳನ್ನು ಕೂಡಿಸಿಕೊಂಡು, ನಾವು ಜೋಳದ ದಂಟಿನಿಂದ ಬಂಡಿ ಮಾಡುತ್ತಿದ್ದೆವು, ಸಿಪ್ಪೆ ಸುಲಿದು ಒಳಗಿನ ಬೆಂಡಿನಿಂದ ಎತ್ತು, ಗಾಲಿ, ನೊಗ ಎಲ್ಲ ಮಾಡುತ್ತಿದ್ದೆವು ಎಂದು ವರ್ಣಿಸಿದೆ. "ಹಂಗಾರ ಒಂದು ಮಾಡಿ ತೋರಸು ಪಪ್ಪಾ" ಎಂದಳು. ದಂಟು ತಂದೆ, ಚಾಕು ತಂದೆ, ಪೇಪರು ಹಾಸಿಕೊಂಡು ಕೂತೆ. ಅರ್ಧ ತಾಸಿನಲ್ಲಿ ಬೆರಳು ಕೊಯ್ದುಕೊಂಡದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಗಾಲಿಯನ್ನು ಅಚ್ಚಿಗೆ ಹೇಗೆ ಸಿಕ್ಕಿಸುತ್ತಿದ್ದೆವೆಂಬುದೇ ಮರೆತುಹೋಗಿತ್ತು. ಕೊನೆಗೆ ಮಗಳ ಕಣ್ಣು ತಪ್ಪಿಸಿ ಮೊಬೈಲಿನಲ್ಲಿ ಹುಡುಕಿದೆ. ಅಫಜಲಪುರ ಕಡೆಯ ಹುಡುಗನೊಬ್ಬ ಹೊಲದ ಬದುವಿನಲ್ಲಿ ಕೂತು ಎಷ್ಟು ಚೆಂದ ಮಾಡಿ ತೋರಿಸಿದ್ದನೆಂದರೆ, ಮಗಳನ್ನೂ ಕರೆದೆ. ಇಬ್ಬರೂ ಅವನ ಇನ್ನೂ ನಾಲ್ಕು ವಿಡಿಯೊ ನೋಡಿದೆವು. ಬಂಡಿ ಹಾಗೆಯೇ ಉಳಿಯಿತು. ದಂಟನ್ನು ಸವಿತಾ ಎದುರು ಮನೆಯ ಆಕಳಿಗೆ ಹಾಕಿ ಬಂದಳು.

ಈ ಮನೆಯಲ್ಲಿ ಮೊಬೈಲ್ ಮುಟ್ಟದವಳು ನನ್ನ ಅವ್ವ ಒಬ್ಬಳೇ. ಜೇವರ್ಗಿ ತಾಲೂಕಿನ ಅಂದೋಲಾ ಅವಳ ತವರು. ಮುಂಜಾನೆ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಕೊರಳಿನ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿ ಇಟ್ಟುಕೊಂಡು ಕೂತಳೆಂದರೆ ಮನೆ ಹೊತ್ತಿ ಉರಿದರೂ ಕಣ್ಣು ಕದಲಿಸುವವಳಲ್ಲ. ಎಂಟನೆಯ ವರ್ಷ ದಾಟುವುದರೊಳಗೆ ಮಕ್ಕಳಿಗೆ ದೀಕ್ಷೆ ಕೊಡಿಸಿ ಲಿಂಗ ಕಟ್ಟಿಸುವುದು ನಮ್ಮ ಮನೆಯ ರೂಢಿ. ಹೋದ ವರ್ಷ ಅವ್ವ ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದಳು. ಅವತ್ತಿನಿಂದ ಅವಳು ಯಾವ ಕೆಲಸವನ್ನೂ ಮುಂದೆ ನೋಡೋಣ ಎಂದು ಬಿಡುತ್ತಿಲ್ಲ. "ನಾ ಇರೋತನಾ ಈ ಕೂಸಿನ ಕೊಳ್ಳಾಗ ಲಿಂಗ ಕಟ್ಟಿದ್ದು ನೋಡಬೇಕು" ಎಂದು ಒಂದು ದಿನ ಊಟದ ಹೊತ್ತಿಗೆ ಹೇಳಿದಳು. ನಾನು ಆ ಮಾತನ್ನು ಹಗುರ ಮಾಡಲು ಹೋಗಿ, "ಅವ್ವಾ, ಅಂಗೈ ನೋಡಿಕೋತ ಕುಂಡ್ರೂದು ನಿನ್ನ ಮೊಮ್ಮಗಳಿಗೆ ಯಾರೂ ಕಲಸಬೇಕಾಗಿಲ್ಲ. ಮೂರು ತಾಸು ಕುಂಡ್ರತಾಳ" ಎಂದೆ. ಅವ್ವ ನಗಲಿಲ್ಲ. "ನೋಡೂದು ಬ್ಯಾರೆ, ತೋರಿಸಿದ್ದು ನೋಡೂದು ಬ್ಯಾರೆ" ಎಂದಳು. ಮಾಸ್ತರರಿಗೆ ಕೊಡುವ ಮೂವತ್ತು ಪುಟದ ತರಬೇತಿ ಕೈಪಿಡಿಯಲ್ಲೂ ನಾನು ಇಂಥ ಮಾತು ಓದಿರಲಿಲ್ಲ. ಆಮೇಲೆ ಷರತ್ತನ್ನೂ ಹಾಕಿದಳು. ಅರ್ಧ ಊದಿನಕಡ್ಡಿ ಸುಡುವ ತನಕ ಕೂಸು ಅಲುಗಾಡದೆ ಕೂಡಬೇಕು. ಕೂತರೆ ಸ್ವಾಮಿಗಳನ್ನು ಕರೆಸುವುದು, ಇಲ್ಲದಿದ್ದರೆ ಇಲ್ಲ. ಬರೀ ಶಾಸ್ತ್ರಕ್ಕೆ ಕಟ್ಟಿಸುವುದು ಅವಳಿಗೆ ಬೇಕಾಗಿರಲಿಲ್ಲ.

ಅಷ್ಟರಲ್ಲಿ ಅವಳು ತನ್ನ ಹಳೆಯ ಬೆಳ್ಳಿ ಕಾಲಗಡಗ ಮುರಿಸಿ, ಲಿಂಗ ಇಡುವ ಬೆಳ್ಳಿಯ ಕರಡಿಗೆಯನ್ನು ಪತ್ತಾರನ ಕಡೆ ಮಾಡಿಸಿಯೂ ಆಗಿತ್ತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಗುಲಾಬಿ ಹಾಳಿಯಲ್ಲಿ ಸುತ್ತಿ, ರಟ್ಟಿನ ಡಬ್ಬಿಯಲ್ಲಿ ಇಟ್ಟು ಕೊಟ್ಟಿದ್ದ. ಅವ್ವ ಅದನ್ನು ಮೊಮ್ಮಗಳ ಕೈಗೆ ಕೊಟ್ಟಳು. ರಟ್ಟಿನ ಡಬ್ಬಿ ಕಂಡದ್ದೇ ತಡ, ಸಿಂಚನಾ ಅದನ್ನು ನೆಲದ ಮೇಲಿಟ್ಟು, ಕಾಲು ಮಡಚಿ ಕೂತು, "ಹಾಯ್ ಫ್ರೆಂಡ್ಸ್! ಇವತ್ತು ಆಯಿ ನಮಗೊಂದು ಸೂಪರ್ ಸರ್ಪ್ರೈಸ್ ಕೊಟ್ಟಿದ್ದಾರೆ. ಒಳಗೆ ಏನಿದೆ, ನೋಡೋಣ ಬನ್ನಿ!" ಎಂದಳು. ಅವ್ವ ಬಾಗಿಲ ಕಡೆ ನೋಡಿದಳು. "ಯಾರು ಬಂದಾರಬೇ? ಹೊರಗ್ಯಾಕ ನಿಂತಾರ? ಒಳಗ ಕರಿ" ಎಂದು ಎದ್ದು, ಸೊಂಟ ಹಿಡಿದುಕೊಂಡು ಬಾಗಿಲ ತನಕ ಹೋಗಿಯೂ ಬಂದಳು. ಹೊರಗೆ ಯಾರೂ ಇರಲಿಲ್ಲ. ನಾನೂ ಸವಿತಾಳೂ ನಗು ತಡೆಯಲಾರದೆ ಬಾಯಿ ಮುಚ್ಚಿಕೊಂಡೆವು. ಅವ್ವ ನನ್ನ ಹತ್ತಿರ ಬಂದು ಮೆಲ್ಲಗೆ, "ಈ ಕೂಸು ದಿನಾ ಯಾರ ಜೋಡಿ ಮಾತಾಡ್ತದೋ?" ಎಂದು ಕೇಳಿದಾಗ ನಗು ನಿಂತಿತು.

ಮರುದಿನದಿಂದ ಅಭ್ಯಾಸ ಶುರುವಾಯಿತು. ದೀಕ್ಷೆಗೆ ಮುಂಚೆ ಲಿಂಗ ಕೈಗೆ ಕೊಡುವಂತಿಲ್ಲ. ಅದಕ್ಕೇ ಅವ್ವ ಒಂದು ವಿಭೂತಿ ಗಟ್ಟಿಯನ್ನು ಅವಳ ಎಡ ಅಂಗೈಯಲ್ಲಿಟ್ಟು, ಊದಿನಕಡ್ಡಿ ಹಚ್ಚಿ ಎದುರಿಗೆ ಕೂತಳು. ಬೂದಿ ಇನ್ನೂ ಉದುರಿರಲಿಲ್ಲ, ಸಿಂಚನಾ ತಲೆಯೆತ್ತಿ ಕೇಳಿದಳು:

"ಆಯಿ, ಇದು ಯಾವಾಗ ಚಾಲೂ ಆಗ್ತದ?"

"ನೀ ಸುಮ್ಮನಾದ ಮ್ಯಾಲ" ಎಂದಳು ಅವ್ವ.

ಎರಡನೆಯ ದಿನ ನನಗೂ ಬುಲಾವ್ ಬಂತು. "ನೀನೂ ಕುಂಡ್ರು. ಹೇಳಿದ್ದು ಕೇಳೂದಿಲ್ಲ ಮಕ್ಕಳು, ಮಾಡಿದ್ದು ನೋಡ್ತಾವ" ಎಂದಳು. ಇಲ್ಲಿ ಇನ್ನೊಂದು ತಪ್ಪೊಪ್ಪಿಗೆ. ನನ್ನ ಕೊರಳಲ್ಲಿ ಶಾಲೆಯ ಗುರುತಿನ ಚೀಟಿ ಇರುತ್ತದೆ. ಲಿಂಗ ದೇವರ ಜಗುಲಿಯ ಮೇಲಿರುತ್ತದೆ. ಬಸ್ಸಿನ ಅವಸರದಲ್ಲಿ ನಿಂತಲ್ಲೇ ಕೈಮುಗಿದು ಹೊರಡುವುದು ನನ್ನ ಪೂಜೆ. ಅವತ್ತು ಬಹಳ ವರ್ಷದ ಮೇಲೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಮಗಳ ಪಕ್ಕ ಕೂತೆ. ಪಡಸಾಲೆಯಲ್ಲಿ ಮೊಬೈಲ್ ಗುಂಯ್ ಎಂದಿತು. ಯಾವುದೋ ತುರ್ತು ಸುತ್ತೋಲೆ ಇರಬಹುದೆಂದು ಎದ್ದು ಹೋದೆ. ಹೆಡ್‌ಮಾಸ್ತರರು ಶುಭೋದಯ ಹೇಳಿದ್ದರು, ಹನ್ನೊಂದು ಜನ ಮಾಸ್ತರರು ಒಬ್ಬರಾದ ಮೇಲೊಬ್ಬರು ತಿರುಗಿ ಹೇಳುತ್ತಿದ್ದರು. ನಾನೂ ಹೇಳಿ ಬಂದೆ. ಮೂರನೆಯ ದಿನ ಮುಂಜಾನೆ ನೋಡಿದರೆ ಮನೆಯ ಎರಡೂ ಮೊಬೈಲುಗಳು ಅವ್ವನ ಜೋಳದ ಡಬ್ಬಿಯೊಳಗಿದ್ದವು. ತಗಡಿನ ಡಬ್ಬಿಯಾದ್ದರಿಂದ ಪ್ರತಿ ಶುಭೋದಯಕ್ಕೂ ಜೋಳವೆಲ್ಲ ಜರಜರ ಎನ್ನುತ್ತಿತ್ತು.

ನಾಲ್ಕೈದು ದಿನ ಕಳೆದವು. ಸಿಂಚನಾ ಮೊದಮೊದಲು ಎದ್ದಳು, ಅತ್ತಳು, ಕೆರೆದುಕೊಂಡಳು, ನೀರು ಬೇಕೆಂದಳು. ಆಮೇಲೆ ನಿಧಾನಕ್ಕೆ ಕೂಡತೊಡಗಿದಳು. ಒಂದು ದಿನ ಎದ್ದ ಮೇಲೆ, "ಆಯಿ, ವಿಭೂತಿ ಮ್ಯಾಲ ಒಂದು ಸಣ್ಣ ಗೆರಿ ಅದ. ನಿನ್ನೀನೂ ಇತ್ತು, ನಾ ನೋಡಿರಲಿಲ್ಲ" ಎಂದಳು. ಅವ್ವನ ಮುಖ ಅರಳಿತು. ನಾನೂ ವಿಭೂತಿ ಗಟ್ಟಿಯನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿದೆ. ನನಗೆ ಗೆರೆ ಕಾಣಲಿಲ್ಲ. ವಿಜ್ಞಾನದ ಮಾಸ್ತರನಾದ ನನಗೆ ಹೊಟ್ಟೆಕಿಚ್ಚಾಯಿತೆಂದರೆ ನಂಬಬೇಕು. ಹಾಗಂತ ಹುಡುಗಿ ಪೂರ್ತಿ ಬದಲಾದಳೆಂದು ತಿಳಿಯಬೇಡಿ. ರಾತ್ರಿಯ ಊಟಕ್ಕೆ ಚೊಂಬೂ ಮೊಬೈಲೂ ತಮ್ಮ ಜಾಗದಲ್ಲೇ ಇದ್ದವು. ಹತ್ತನೆಯ ದಿನ ಅರ್ಧ ಊದಿನಕಡ್ಡಿ ಉರಿದು ಬೂದಿಯಾಗುವ ತನಕ ಅವಳು ಕೂತಳು. ಅವ್ವ ಎದ್ದು ಹೋಗಿ ಸವಿತಾಳಿಗೆ, "ಹೋಳಿಗಿಗೆ ಬ್ಯಾಳಿ ನೆನಿ ಇಡು" ಎಂದಳು.

ದೀಕ್ಷೆಯ ದಿನ ಸ್ವಾಮಿಗಳು ಬಂದರು. ಮನೆಯವರು ಬಿಟ್ಟರೆ ನೆರೆಮನೆಯ ನಾಲ್ಕು ಜನ, ಅಷ್ಟೇ. ಸಿಂಚನಾಳ ಹಣೆಗೆ ವಿಭೂತಿ ಹಚ್ಚಿ, ಕಿವಿಯಲ್ಲಿ ಮಂತ್ರ ಹೇಳಿ, ಲಿಂಗವನ್ನು ಅವಳ ಅಂಗೈಯಲ್ಲಿಟ್ಟರು. "ಈಗ ಮನಿ ಮಂದಿ ಎಲ್ಲಾರೂ ಕೂಸಿನ ಜೋಡಿ ಕುಂಡ್ರಿ" ಎಂದರು. ಅವ್ವ ಒಂದು ಕಡೆ, ನಾನೊಂದು ಕಡೆ, ನಡುವೆ ಮಗಳು. ಮನೆಯೆಲ್ಲ ಸದ್ದಿಲ್ಲದಂತಾಯಿತು. ಜೋಳದ ಡಬ್ಬಿಯೂ ಸುಮ್ಮನಿತ್ತು. ನಾನು ಎಡ ಅಂಗೈಯಲ್ಲಿನ ಲಿಂಗವನ್ನೇ ನೋಡುತ್ತ ಕೂತೆ. ಇವತ್ತು ಎಲ್ಲ ಎಷ್ಟು ಚೆಂದ ನಡೆಯಿತು, ಮುಂದಿನ ಪಾಲಕರ ಸಭೆಯಲ್ಲಿ ಇದನ್ನೇ ಹೇಳಬೇಕು, ಜನರು ಮೆಚ್ಚುತ್ತಾರೆ ಎಂದೂ ಒಂದು ಕ್ಷಣ ಅನ್ನಿಸಿತು.

ಎಷ್ಟು ಹೊತ್ತಾಗಿತ್ತೋ, ನನ್ನ ಬಲಗೈಯನ್ನು ಯಾರೋ ಮುಟ್ಟಿದಂತಾಯಿತು. ಕಣ್ಣು ಹೊರಳಿಸಿ ನೋಡಿದೆ. ಮೊಣಕಾಲ ಮೇಲೆ ಇಟ್ಟಿದ್ದ ನನ್ನ ಬಲಗೈಯ ಹೆಬ್ಬೆರಳು ತನ್ನ ಪಾಡಿಗೆ ತಾನು ಧೋತರದ ಮೇಲೆ ಕೆಳಗಿನಿಂದ ಮೇಲಕ್ಕೆ, ಕೆಳಗಿನಿಂದ ಮೇಲಕ್ಕೆ ಜಾರುತ್ತಿತ್ತು. ಒಂದನ್ನು ಸರಿಸಿ ಮುಂದಿನದು, ಅದನ್ನು ಸರಿಸಿ ಅದರ ಮುಂದಿನದು. ಯಾವಾಗಿನಿಂದ ಹೀಗೆ ನಡೆದಿತ್ತೋ ನನಗೇ ಗೊತ್ತಿಲ್ಲ. ಸಿಂಚನಾ ತನ್ನ ಅಂಗೈಯಿಂದ ದೃಷ್ಟಿ ತೆಗೆಯಲಿಲ್ಲ. ತನ್ನ ಪುಟ್ಟ ಬಲಗೈಯಿಂದ ನನ್ನ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದಳು. ಪೂಜೆ ಮುಗಿಯುವ ತನಕ ಬಿಡಲಿಲ್ಲ.

ಸ್ವಾಮಿಗಳು ಏಳುವಾಗ ಎಲ್ಲರೆದುರು, "ಕೂಸು ತಂದಿ ಕೈ ಹಿಡಕೊಂಡು ಹ್ಯಾಂಗ ಕುಂತಿತ್ತು ನೋಡ್ರಿ. ಮಾಸ್ತರ್ರ ಮನ್ಯಾಗ ಸಂಸ್ಕಾರ ಭಾಳ ಚೊಲೋ ಅದ" ಎಂದರು. ನೆರೆಯವರು ತಲೆದೂಗಿದರು. ಅಲ್ಲ ಎನ್ನುವಷ್ಟು ದೊಡ್ಡ ಮನಸ್ಸು ನನಗೆಲ್ಲಿಂದ ಬರಬೇಕು? ತಲೆ ತಗ್ಗಿಸಿ ಕೈಮುಗಿದೆ. ಎಲ್ಲ ಹೋದ ಮೇಲೆ ಅವ್ವ ಚಾಪೆ ಸುತ್ತುತ್ತಿದ್ದಳು. ಕರಡಿಗೆಯನ್ನು ಎದೆಯ ಮೇಲೆ ಇಳಿಬಿಟ್ಟುಕೊಂಡು ಅಂಗಳದಲ್ಲಿ ಓಡಾಡುತ್ತಿದ್ದ ಮೊಮ್ಮಗಳನ್ನು ಕಣ್ತುಂಬ ನೋಡಿ, ನನ್ನ ಕಡೆ ತಿರುಗಿ ಹೇಳಿದಳು:

"ಇನ್ನ ನಂದೇನೂ ಫಿಕರ್ ಇಲ್ಲಪ್ಪಾ. ನಾ ಹ್ವಾದ ಮ್ಯಾಲ ನಿನ್ನ ನೋಡಿಕೊಳ್ಳಾಕ ಆಕಿ ಅದಾಳ."