ಮಡಿಯಲ್ಲಿಟ್ಟ ಬ್ಯಾಕಪ್ಪು

ನಮ್ಮ ಭಾವನಿಗೆ ದೇವರ ಮೇಲೆ ಪೂರ್ತಿ ನಂಬಿಕೆ ಇದೆ. ಆದರೆ ಒಬ್ಬನೇ ದೇವರ ಮೇಲೆ ಇಲ್ಲ. ಡೊಂಬಿವಲಿಯ ಅವರ ಮನೆಯ ದೇವರ ಗೂಡಿನಲ್ಲಿ ಕೃಷ್ಣನ ಪಕ್ಕಕ್ಕೆ ಗಣಪತಿ, ಗಣಪತಿಯ ಹಿಂದೆ ವೆಂಕಟರಮಣ, ಇವರೆಲ್ಲರ ಮೇಲೆ ಒಂದು ಕಣ್ಣಿಡಲು ಮೂಲೆಯಲ್ಲಿ ಹನುಮಂತ. ಇಷ್ಟು ಜನ ಯಾಕೆ ಎಂದರೆ, "ಒಬ್ರು ಬಿಜಿ ಇದ್ರೆ ಇನ್ನೊಬ್ರು ಬೇಕಲ್ಲ ಮಾರಾಯ" ಎನ್ನುತ್ತಾರೆ. ತಮಾಷೆಗಲ್ಲ, ನಿಜವಾಗಿಯೂ!

ಭಾವ ಎಂದರೆ ನನ್ನ ಅಕ್ಕನ ಗಂಡ. ಊರು ಉಡುಪಿಯ ಕಡೆ, ಕೆಲಸ ಶಹಾಡಿನ ಒಂದು ಕಾರ್ಖಾನೆಯ ಆಫೀಸಿನಲ್ಲಿ. ಮದುವೆಯ ದಿನ ಅವರ ಜುಬ್ಬಾದ ಕಿಸೆಯಲ್ಲಿ ಇನ್ನೊಂದು ಕರಿಮಣಿ ಸರ ಇತ್ತಂತೆ. ಮುಹೂರ್ತದ ಹೊತ್ತಿಗೆ ಮೊದಲನೆಯದು ತುಂಡಾದರೆ ಏನು ಗತಿ? ನಮ್ಮ ಹೆಂಗಸರು ಸುಮ್ಮನಿರುತ್ತಾರೆಯೇ? ಕಳಂಬೋಲಿಯ ದೊಡ್ಡಮ್ಮ ಕೇಳಿಯೇ ಬಿಟ್ಟರು: "ಹೆಂಡ್ತಿಗೂ ಒಂದು ಎಕ್ಸ್‌ಟ್ರಾ ಇಟ್ಕೊಂಡಿದ್ದೀರಾ ಹೇಗೆ?" ಮಂಟಪದಲ್ಲಿ ನಗೆ. ಭಾವ ಮಾತ್ರ ನಗದೆ ಹೇಳಿದರು: "ಅದಕ್ಕೆ ಎಕ್ಸ್‌ಟ್ರಾ ಇಲ್ಲ. ಜಾಗ್ರತೆ ಮಾಡ್ಬೇಕು, ಅಷ್ಟೇ."

ಅವರ ಚೀಲದಲ್ಲಿ ಯಾವಾಗಲೂ ಎರಡು ಕೊಡೆ. ಒಮ್ಮೆ ಒಂದನ್ನು ಲೋಕಲ್ ಗಾಡಿಯಲ್ಲಿ ಮರೆತು, ಸ್ಟೇಶನ್ನಿನಿಂದ ಮನೆಯವರೆಗೆ ತೊಪ್ಪೆಯಾಗಿ ನೆನೆದು ಬಂದರು. ಎರಡನೇ ಕೊಡೆ ಚೀಲದೊಳಗೆ ಬೆಚ್ಚಗೆ ಕುಳಿತಿತ್ತು. ಅಕ್ಕ ಹಣೆ ಚಚ್ಚಿಕೊಂಡಳು.

"ಅದನ್ನು ಬಿಚ್ಚಲಿಕ್ಕೆ ಎಂತ ರೋಗ ನಿಮಗೆ?"

"ಬಿಚ್ಚಿದ್ರೆ ಮತ್ತೆ ಬ್ಯಾಕಪ್ ಎಲ್ಲುಂಟು?"

ನಗುವ ಮುನ್ನ ಒಂದು ಮಾತು ಹೇಳಬೇಕು. ಮೊದಲು ಅವರು ಕಲ್ಯಾಣದಲ್ಲಿ ನೆಲಮಾಳಿಗೆಯಂಥ ತಗ್ಗಿನ ಮನೆಯಲ್ಲಿದ್ದರು. ಒಂದು ಮಳೆಗಾಲ ನೀರು ಒಳಗೆ ನುಗ್ಗಿ ಕಪಾಟಿನ ಎದೆಯವರೆಗೆ ನಿಂತಿತು. ನೀರು ಇಳಿದ ಮೇಲೆ ಭಾವ ಮೊದಲು ಹುಡುಕಿದ್ದು ಅವರಮ್ಮನ ಫೋಟೋವನ್ನು. ಇದ್ದದ್ದು ಒಂದೇ. ಚೌಕಟ್ಟು ಸಿಕ್ಕಿತು, ಒಳಗಿನ ಕಾಗದ ಬೆಳ್ಳಗಾಗಿತ್ತು. ಮೊದಲೇ ಜೋಡಿ ಪ್ರಿಯರಾಗಿದ್ದ ಭಾವನಿಗೆ ಅಂದಿನಿಂದ ಅದು ಹುಚ್ಚೇ ಆಯಿತು. ನಾನಾಗಿದ್ದರೂ ಹಾಗೇ ಆಗುತ್ತಿದ್ದೆನೇನೋ.

ಇಂಥವರ ಕೈಗೆ ನಮ್ಮ ಕನ್ನಡ ಸಂಘದವರು ತಮ್ಮ ವೆಬ್‌ಸೈಟನ್ನು ಒಪ್ಪಿಸಿದರು. ಹಸಿದವನಿಗೆ ಬಾಳೆ ಎಲೆ ಹಾಕಿದ ಹಾಗಾಯಿತು. ಅದರಲ್ಲಿ ಯಕ್ಷಗಾನದ ಫೋಟೋಗಳು, ಸಾಂಬಾರಿನ ವಿಧಾನಗಳು, ಅಧ್ಯಕ್ಷರ ಉದ್ದನೆಯ ಭಾಷಣ ಎಲ್ಲ ಇದ್ದವು, ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು, ಅಲ್ಲ, ಕೇಳುತ್ತಿದ್ದದ್ದು ಒಂದೇ ಪುಟ. ಅಲ್ಲಿ ನನ್ನ ಅಕ್ಕ ಮಕ್ಕಳಿಗೆ ಕತೆ ಹೇಳುತ್ತಿದ್ದಳು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಗೊತ್ತಲ್ಲ, ಊಟಕ್ಕೆ ಬಾ ಎಂದು ಕನ್ನಡದಲ್ಲಿ ಕರೆದರೆ "ಆತಾ ಹೂಂ" ಎಂದು ಹಿಂದಿಯಲ್ಲಿ ಉತ್ತರ ಕೊಡುವ ಜಾತಿ. ಅಂಥ ಮಕ್ಕಳೂ ಅಕ್ಕನ ನರಿ ಮಾತಾಡತೊಡಗಿದರೆ ಕಿವಿ ನೆಟ್ಟಗೆ ಮಾಡಿ ಕೂರುತ್ತಿದ್ದವು. ಭಾವ ಪ್ರತಿ ಭಾನುವಾರ ಫ್ಯಾನ್ ನಿಲ್ಲಿಸಿ, ಬೆವರು ಸುರಿಸುತ್ತ, ಒಂದೊಂದೇ ಕತೆ ಧ್ವನಿಮುದ್ರಿಸಿ ಪುಟಕ್ಕೆ ಏರಿಸುತ್ತಿದ್ದರು.

ಆಮೇಲೆ ಅಕ್ಕನಿಗೆ ಗಂಟಲಿನ ಕಾಯಿಲೆ ಬಂತು. ಆಪರೇಶನ್ ಆಯಿತು. ಅಕ್ಕ ಉಳಿದಳು, ಸ್ವರ ಹೋಯಿತು. ಈಗ ಆಕೆ ಚಮಚದಿಂದ ಸ್ಟೀಲ್ ಲೋಟಕ್ಕೆ ಟಣ್ ಎಂದು ಒಮ್ಮೆ ಬಡಿದರೆ 'ಬನ್ನಿ' ಎಂದರ್ಥ. ಎರಡು ಸಲ ಬಡಿದರೆ 'ನಿಮಗೆ ತಲೆ ಸರಿ ಇದೆಯಾ' ಎಂದರ್ಥ. ಭಾವನಿಗೆ ಹೆಚ್ಚಾಗಿ ಎರಡೇ ಸಿಗುತ್ತಿತ್ತು. ಆದರೆ ಯಾರಾದರೂ ಆ ಕತೆಯ ಪುಟ ಹಾಕಿದರೆ ಅಕ್ಕ ಎದ್ದು ಅಡಿಗೆಮನೆಗೆ ಹೋಗಿಬಿಡುತ್ತಿದ್ದಳು. ಭಾವನೂ ಬದಲಾದರು. ಲೋಕಲ್‌ನಲ್ಲಿ ಹರಟೆ ಬಿಟ್ಟು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಕೂರತೊಡಗಿದರು. ಗಾಡಿಯ ಗೆಳೆಯರು ಶೇರು ಪೇಟೆಯ ಸುದ್ದಿ ಇರಬೇಕು ಎಂದರು. ನಾನು ಭಜನೆ ಎಂದುಕೊಂಡೆ.

ಇನ್ನು ಬ್ಯಾಕಪ್ಪಿನ ವಿಚಾರಕ್ಕೆ ಬರೋಣ. ಭಾವನ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಮ್ ದಿನಾಲೂ ವೆಬ್‌ಸೈಟಿನ ನಕಲು ತೆಗೆದು 'ಯಶಸ್ವಿ' ಎಂದು ಅವರಿಗೆ ಮೇಲ್ ಕಳಿಸುತ್ತಿತ್ತು. ಅದು ಸಾಲದೆಂದು ಸಿಡಿ ಮಾಡಿ ಒಂದನ್ನು ಠಾಣೆಯ ನಮ್ಮ ಮನೆಯಲ್ಲಿ, ಒಂದನ್ನು ಕಳಂಬೋಲಿಯ ದೊಡ್ಡಮ್ಮನ ಮನೆಯಲ್ಲಿ ಇಟ್ಟಿದ್ದರು. ಡೊಂಬಿವಲಿ ಮುಳುಗಿದರೆ ಠಾಣೆ, ಠಾಣೆಯೂ ಮುಳುಗಿದರೆ ಕಳಂಬೋಲಿ.

"ಮೂರೂ ಮುಳುಗಿದ್ರೆ ಭಾವ?"

"ಆಗ ವೆಬ್‌ಸೈಟ್ ನೋಡ್ಲಿಕ್ಕೆ ಯಾರಿರ್ತಾರೆ ಮಾರಾಯ?"

ಸಿಡಿ ಸರಿಯಾಗಿದೆಯೋ ಇಲ್ಲವೋ ಒಮ್ಮೆ ಹಾಕಿ ನೋಡೋಣವೇ ಎಂದರೆ ಹೌಹಾರಿದರು. "ಮುಟ್ಟಬೇಡ. ಬ್ಯಾಕಪ್ ಅಂದ್ರೆ ಮಡಿ ಇದ್ದ ಹಾಗೆ. ದಿನಾ ಮುಟ್ಟಿದ್ದು ಬ್ಯಾಕಪ್ ಆಗೋದಿಲ್ಲ."

ಒಂದು ದಿನ ಎಲ್ಲೋ ಯಾರದೋ ಸರ್ವರ್ ಕೆಟ್ಟು ವೆಬ್‌ಸೈಟು ಬಿದ್ದುಹೋಯಿತು. ಭಾವ ಆ ಸರ್ವರಿನ ಕಂಪನಿಗೆ ಫೋನು ಮಾಡಿದರೆ ಅತ್ತಲಿಂದ ಒಬ್ಬ ವಿನಯವಾಗಿ, "ಆಪ್ ಕೇ ಪಾಸ್ ಬ್ಯಾಕಪ್ ತೋ ಹೋಗಾ ನಾ, ಸರ್?" ಎಂದು ಕೇಳಿದನಂತೆ. ಭಾವ ನನಗೆ ಫೋನು ಮಾಡಿ ಹೊಟ್ಟೆ ತುಂಬ ನಕ್ಕರು. "ನನ್ನ ಹತ್ರ ಕೇಳ್ತಾನೆ, ಬ್ಯಾಕಪ್ ಉಂಟಾ ಅಂತ!" ಉಡುಪಿ ಹೋಟೆಲಿನವರನ್ನು ತೆಂಗಿನಕಾಯಿ ಇದೆಯೇ ಎಂದು ಕೇಳಿದಷ್ಟು ಮೋಜಾಗಿತ್ತು ಅವರಿಗೆ.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಮನೆಯ ಕಂಪ್ಯೂಟರ್ ತೆರೆದರೆ ಕತೆಗಳ ಜಾಗ ಖಾಲಿ. ಆ ವಿಧೇಯ ಪ್ರೋಗ್ರಾಮು, ವೆಬ್‌ಸೈಟು ಬರಿದಾದ ದಿನವೂ ತಪ್ಪದೆ ಬಂದು, ಆ ಬರಿದನ್ನೇ ಹಳೆಯ ನಕಲಿನ ಮೇಲೆ ನಿಷ್ಠೆಯಿಂದ ನಕಲು ಮಾಡಿತ್ತು. 'ಯಶಸ್ವಿ' ಎಂದು ಮೇಲ್ ಕೂಡ ಕಳಿಸಿತ್ತು!

ಭಾವ ನೆಟ್ಟಗೆ ಠಾಣೆಗೆ ಬಂದರು. ಸಿಡಿ ಕಪಾಟಿನಲ್ಲಿ ಇರಲಿಲ್ಲ. ನನ್ನ ಹೆಂಡತಿ ಮೆಲ್ಲಗೆ ಬಾಲ್ಕನಿಯತ್ತ ಕೈ ತೋರಿಸಿದಳು. ಪಾರಿವಾಳ ಬರದಿರಲೆಂದು ದಾರ ಕಟ್ಟಿ ನೇತುಹಾಕಿದ್ದಳು. ಬಿಸಿಲು ಮಳೆ ತಿಂದು ಅದು ಗಾಳಿಗೆ ಗಿರಿಗಿರಿ ತಿರುಗುತ್ತಿತ್ತು. ಭಾವ ಅದನ್ನು ಬಿಚ್ಚಿ ಅಂಗಿಯ ತುದಿಯಲ್ಲಿ ಒರೆಸಿದರು.

"ಪಾರಿವಾಳ ಬಂತಾ?"

"ಇಲ್ಲ ಭಾವ," ಎಂದಳು ನನ್ನ ಹೆಂಡತಿ, ಅಳುವ ಸ್ವರದಲ್ಲಿ.

"ಹಾಗಾದ್ರೆ ಒಂದು ಉಪಕಾರಕ್ಕಾದ್ರೂ ಬಂತಲ್ಲ. ಬೇಜಾರು ಮಾಡ್ಬೇಡ."

ನಾನೂ ಅವರ ಜೊತೆ ಕಳಂಬೋಲಿಗೆ ಹೊರಟೆ. ಮನೆಯಲ್ಲಿ ಎಲ್ಲಕ್ಕಿಂತ ಭದ್ರವಾದ ಜಾಗದಲ್ಲಿಡಿ ಎಂದು ಭಾವ ಹೇಳಿದ್ದರಿಂದ ದೊಡ್ಡಮ್ಮ ಸಿಡಿಯನ್ನು ದೇವರ ಕೋಣೆಯಲ್ಲಿಟ್ಟಿದ್ದರು. ಅದು ಅಲ್ಲಿಯೇ, ದೀಪದ ಪಕ್ಕದಲ್ಲಿ, ಫಳಫಳ ಹೊಳೆಯುತ್ತಿತ್ತು. ನನಗೆ ಹೋದ ಜೀವ ಬಂತು. ಆದರೆ ಹಾಗೆ ಹೊಳೆಯಲು ಕಾರಣ ದೊಡ್ಡಮ್ಮನೇ ಹೇಳಿದರು: "ಹಬ್ಬ ಹಬ್ಬಕ್ಕೆ ದೀಪದ ಒಟ್ಟಿಗೆ ಹುಣಸೆಹುಳಿ ಹಾಕಿ ತಿಕ್ಕಿದ್ದೇನೆ. ದೇವರ ಕೋಣೆಯದ್ದು ಬೆಳಗದೆ ಇಡ್ಲಿಕ್ಕಾಗ್ತದಾ?" ಮೇಲೊಂದು ಕುಂಕುಮದ ಬೊಟ್ಟು, ತಿರುಗಿಸಿದರೆ ಮೈತುಂಬ ಗೀರು. ಭಾವ ಕುಂಕುಮವನ್ನು ಕಣ್ಣಿಗೊತ್ತಿಕೊಂಡು, ದೊಡ್ಡಮ್ಮ ಕೊಟ್ಟ ಮಜ್ಜಿಗೆ ಕುಡಿದು ಹೊರಗೆ ಬಂದರು.

ಡೊಂಬಿವಲಿಯ ಬಸ್ಸು ಹತ್ತಿದೆವು. ನನ್ನ ಅಕ್ಕನ ಸ್ವರ ಇನ್ನು ಈ ಭೂಮಿಯ ಮೇಲೆ ಎಲ್ಲಿಯೂ ಇಲ್ಲ ಎಂಬುದು ನನಗೆ ಆಗಷ್ಟೇ ನಾಟುತ್ತಿತ್ತು. ಆಗ ಭಾವ ಅಭ್ಯಾಸಬಲದಿಂದ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದರು. ನನಗೆ ಸಿಟ್ಟು ಬಂತು. ಇಂಥ ಹೊತ್ತಿನಲ್ಲೂ ಭಜನೆಯೇ? ಒಂದು ಕಿವಿಯದನ್ನು ಎಳೆದು ನನ್ನ ಕಿವಿಗಿಟ್ಟೆ.

"ಆಗ ನರಿಯಣ್ಣ ಎಂತ ಹೇಳಿದ, ಗೊತ್ತುಂಟಾ ಮಕ್ಕಳೇ?" ಎಂದಳು ಅಕ್ಕ.

ಬಸ್ಸು ಶಿಳ್‌ಫಾಟಾ ದಾಟುವವರೆಗೂ ಕತೆ ಕೇಳುತ್ತಲೇ ಕೂತೆ.

"ಭಾವ, ಕತೆ ಎಲ್ಲ ಇದರಲ್ಲುಂಟಾ?"

"ಉಂಟು."

"ಮತ್ತೆ ಹೇಳ್ಬಾರ್ದಾ? ಇಡೀ ದಿನ ಊರೆಲ್ಲ ತಿರುಗಿದ್ದು ಎಂತಕ್ಕೆ?"

ಭಾವ ಗಲಿಬಿಲಿಗೊಂಡು ಮೊಬೈಲನ್ನು ನೋಡಿದರು. "ಇದು ಬ್ಯಾಕಪ್ ಅಲ್ಲ ಮಾರಾಯ. ಇದು ನಾನು ದಿನಾ ಕೇಳೋದು."

ಮನೆಗೆ ಹೋದೊಡನೆ ಕತೆಗಳನ್ನೆಲ್ಲ ಮೊಬೈಲಿನಿಂದ ಕಂಪ್ಯೂಟರಿಗೆ ಇಳಿಸಿದರು. ನಡೆದದ್ದು ಒಂದೂ ಅಕ್ಕನಿಗೆ ಗೊತ್ತಿರಲಿಲ್ಲ. ಸ್ವರ ಕೇಳಿದ್ದೇ ಅಡಿಗೆಮನೆಗೆ ಹೊರಟಳು. ಭಾವ ತಲೆ ಎತ್ತದೆ ಹೇಳಿದರು: "ಹೋಗ್ಬೇಡ. ಟೆಸ್ಟ್ ಮಾಡ್ತಾ ಇದ್ದೇನೆ. ಎಲ್ಲಿಯಾದ್ರೂ ತುಂಡಾಗಿದ್ರೆ ನಿನಗೇ ಗೊತ್ತಾಗೋದು." ಅಕ್ಕ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬಂದು ಅವರ ಪಕ್ಕದಲ್ಲಿ ಕೂತಳು. ಕತೆ ಸಾಗಿದಂತೆ ಆಕೆಯ ತುಟಿಗಳು ಸದ್ದಿಲ್ಲದೆ ಆಡುತ್ತಿದ್ದವು. ನಾನು ನೀರು ಕುಡಿಯುವ ನೆವದಿಂದ ಎದ್ದು ಹೋದೆ.

ವೆಬ್‌ಸೈಟು ಮತ್ತೆ ಎದ್ದಿತು. ಬ್ಯಾಕಪ್ಪಿನ ಮಡಿ ಅಂದಿಗೇ ಮುಗಿಯಿತು. ಈಗ ಪ್ರತಿ ಸಂಜೆ ಗಂಡ ಹೆಂಡತಿ ಒಟ್ಟಿಗೆ ಕೂತು ಒಂದು ಕತೆ 'ಟೆಸ್ಟ್' ಮಾಡುತ್ತಾರೆ. ನನಗೂ ಒಂದು ನಕಲು ಬೇಕೆಂದು ಮೊನ್ನೆ ಹೋಗಿದ್ದೆ. ಮೊಬೈಲಿನಲ್ಲಿ ಕತೆಗಳ ಕೊನೆಗೆ ಹೊಸದೊಂದು ಫೈಲು ಕಂಡಿತು. ಹಾಕಿದರೆ ಮಾತೇ ಇಲ್ಲ. ಟಣ್. ಸ್ವಲ್ಪ ಬಿಟ್ಟು ಮತ್ತೆ, ಟಣ್ ಟಣ್.

"ಇದೆಂತ ಭಾವ, ಬರೀ ಲೋಟದ ಸದ್ದು?"

"ಅದು ಅವಳ ಈಗಿನ ಸ್ವರ," ಎಂದರು ಭಾವ. "ಅದೂ ಬೇಕಲ್ಲ."

ಅಷ್ಟರಲ್ಲಿ ಅಡಿಗೆಮನೆಯಿಂದ ಲೋಟ ಟಣ್ ಎಂದಿತು. ಭಾವ ಮೊಬೈಲನ್ನು ನನ್ನ ಕೈಯಲ್ಲೇ ಬಿಟ್ಟು ಎದ್ದು ಒಳಗೆ ಹೋದರು.