ಸ್ಪೇನಿನ ಸಿಸ್ಟರ್ ಏನಂದರು?

ಎರಡು ಭಾಷೆಗಳ ನಡುವೆ ನಿಂತವನಿಗೆ ಎರಡು ಕಡೆಯಿಂದಲೂ ಬೈಗುಳ ತಪ್ಪಿದ್ದಲ್ಲ. ನನ್ನ ಹಣೆಬರಹಕ್ಕೆ ನಾನು ಮೂರು ಭಾಷೆಗಳ ನಡುವೆ ನಿಂತಿದ್ದೆ. ಹಾಗಾಗಿ ಇಂಥವು ನನಗೆ ಆಗ್ತಲೇ ಇದ್ದವು. ಒಂದು ಮುಗೀತು ಅಂತ ಉಸಿರು ಬಿಡೋದರೊಳಗೆ ಇನ್ನೊಂದು. ಕೇಳಿದವರು ನಗ್ತಾರೆ. ನಗಲಿ ಬಿಡಿ. ನನಗೆ ಆಗ ನಗು ಬಂದಿರಲಿಲ್ಲ, ಈಗಲೂ ಅರ್ಧಕ್ಕೇ ನಿಂತುಬಿಡ್ತದೆ.

೧. ಗುಮಾಸ್ತನ ಬಡ್ತಿ

ಹಾಸನದಲ್ಲಿ ಊರಾಚೆ ಒಂದು ಧರ್ಮಾಸ್ಪತ್ರೆ ಇತ್ತು. ಕ್ರೈಸ್ತ ಸನ್ಯಾಸಿನಿಯರು ನಡೆಸ್ತಿದ್ದರು. ನಾನಲ್ಲಿ ಗುಮಾಸ್ತ. ಅದನ್ನ ಕಟ್ಟಿಸಿದ ದೊಡ್ಡ ಡಾಕ್ಟರು ಇಂಗ್ಲಿಷರು. ಹೆಂಡತಿ ಸತ್ತು ಒಂಟಿಯಾಗಿದ್ದ ಮುದುಕರು, ಮೂಗಿನ ತುದೀಲೇ ಕೋಪ. ಇಷ್ಟು ವರ್ಷ ಇಲ್ಲಿದ್ದರೂ ಕನ್ನಡ ಕಲಿತಿರಲಿಲ್ಲ. ರೋಗಿಗಳ ಗೋಳನ್ನ ಇಂಗ್ಲಿಷಿಗೆ ಹಾಕೋದು, ಡಾಕ್ಟರ ಬೈಗುಳವನ್ನ ಕನ್ನಡಕ್ಕೆ ಹಾಕೋದು, ಎರಡೂ ನನ್ನ ಕೆಲಸ.

ಸ್ಪೇನಿನಿಂದ ಇಬ್ಬರು ಸಿಸ್ಟರುಗಳು ಬಂದರು. ಹಿರಿಯವರಿಗೆ ಇಂಗ್ಲಿಷ್ ಬರ್ತಿತ್ತು, ಕಿರಿಯವರಿಗೆ ಸ್ಪ್ಯಾನಿಷ್ ಒಂದೇ. ಬಂದ ಮೊದಲ ಮಳೆಗಾಲದಲ್ಲೇ ಹಿರಿಯವರು ಮಲೇರಿಯಾ ತಗುಲಿ ತೀರಿಕೊಂಡರು. ಉಳಿದವರು ಕಿರಿಯರು. ಕೈಕೆಲಸದಲ್ಲಿ ಅವರನ್ನ ಮೀರಿಸೋರಿಲ್ಲ. ಹುಣ್ಣು ತೊಳೆದರೆ ರೋಗಿಗೆ ಗೊತ್ತೇ ಆಗ್ತಿರಲಿಲ್ಲ. ಆದರೆ ಬಾಯಿ ಬಿಟ್ಟರೆ ಯಾರಿಗೂ ಏನೂ ತಿಳೀದು.

ಡಾಕ್ಟರು ನನ್ನನ್ನ ಕರೆದು, "ಇನ್ನು ಮೇಲೆ ಸಿಸ್ಟರ್ ಮಾತನ್ನೂ ನೀನೇ ಇಂಗ್ಲಿಷಿಗೆ ಹೇಳು" ಅಂದರು.

"ನನಗೆ ಸ್ಪ್ಯಾನಿಷ್ ಬರಲ್ಲ ಸಾರ್."

"ಇಂಗ್ಲಿಷೂ ನಿನಗೆ ಬರಲ್ಲ. ಹೇಳ್ತಿಲ್ವಾ?"

ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದರು. "ಈ ವರ್ಷ ನೋಡ್ತೀನಿ. ಆಗಲಿಲ್ಲ ಅಂದರೆ ಸಿಸ್ಟರನ್ನ ರೈಲು ಹತ್ತಿಸಿ ಅವರ ದೇಶಕ್ಕೆ ವಾಪಸ್ ಕಳಿಸಿಬಿಡ್ತೀನಿ."

ಅವರ ದೇಶದಲ್ಲಿ ಆಗ ಅಣ್ಣತಮ್ಮಂದಿರೇ ಬಂದೂಕು ಹಿಡಿದು ಹೊಡೆದಾಡ್ತಿದ್ದರು. ಸಿಸ್ಟರ ಮನೆ ಇದ್ದ ಬೀದಿ ಬಾಂಬು ಬಿದ್ದು ನೆಲಸಮ ಆಗಿತ್ತು. ಮನೆಯವರು ಒಬ್ಬರೂ ಉಳಿದಿರಲಿಲ್ಲ. ಕಳಿಸೋದಾದರೂ ಎಲ್ಲಿಗೆ? ಒಂದು ಹೆಣ್ಣುಜೀವದ ಗತಿ ನನ್ನ ಹರುಕು ಇಂಗ್ಲಿಷಿಗೆ ಜೋತುಬಿದ್ದಿತ್ತು.

ಸಿಸ್ಟರ್ ಹತ್ತಿರ ಒಂದು ದಪ್ಪ ಡಿಕ್ಷನರಿ ಇತ್ತು, ಸ್ಪ್ಯಾನಿಷಿಂದ ಇಂಗ್ಲಿಷಿಗೆ. ಬೇಸಿನ್ನು, ಬಟ್ಟೆ, ಸೂಜಿ ಅಂತ ಒಂದೊಂದನ್ನೂ ಎತ್ತಿ ತೋರಿಸಿ ನನಗೆ ಹೇಳಿಕೊಟ್ಟರು. ಮೊದಲು ಹೊಳೆನರಸೀಪುರದ ಒಬ್ಬ ಹೆಂಗಸಿನ ಹೆರಿಗೆ ಸುದ್ದಿ ಬಂತು. ಸಿಸ್ಟರ್ ಹೇಳಿದ ಒಂದೊಂದು ಪದಾನೂ ಡಿಕ್ಷನರೀಲಿ ನೋಡಿಕೊಂಡು ಡಾಕ್ಟರಿಗೆ ಒಪ್ಪಿಸಿದೆ: "ನಾಲ್ಕನೇ ಮಂಚದ ಹೆಂಗಸು ಮುಂಜಾನೆ ಮಗುವನ್ನು ಬೆಳಕಿಗೆ ಕೊಟ್ಟಳು ಸಾರ್." ಹೆರಿಗೆ ಆಯ್ತು ಅನ್ನೋದನ್ನ ಸಿಸ್ಟರ ನಾಡಿನ ಕಡೆ ಹಾಗೇ ಹೇಳೋದು.

ಡಾಕ್ಟರು ಎದ್ದೇ ನಿಂತರು. "ಯಾವ ಬೆಳಕು? ದೀಪದ ಹತ್ತಿರ ಮಗು ಇಟ್ಟೋರ್ಯಾರು? ಸುಟ್ಟಿದೆಯೇನೋ ನೋಡು ಓಡು!"

೨. ದೇವರ ಇಷ್ಟ

ನಾಳೆ ಅನ್ನೋ ಮಾತು ಬಂದರೆ ಸಿಸ್ಟರ್ ಅದರ ಬೆನ್ನಿಗೇ "ಸಿ ದಿಯೋಸ್ ಕಿಯೆರೆ" ಅಂತಿದ್ದರು. ದೇವರು ಮನಸ್ಸು ಮಾಡಿದರೆ, ಅಂತ ಅರ್ಥ. ನಮ್ಮ ಅಜ್ಜಿಯೂ ನಾಳೆ ದೋಸೆಗೆ ನೆನೆಹಾಕೋಕೆ ಮುಂಚೆ ದೇವರ ಕಡೆ ಒಂದು ಸಲ ನೋಡ್ತಿದ್ದಳು, ಹಾಗಾಗಿ ನನಗೆ ಅದು ವಿಚಿತ್ರ ಅನ್ನಿಸಲಿಲ್ಲ. ಡಾಕ್ಟರಿಗೆ ಮೈ ಉರೀತಿತ್ತು.

"ಬೆಳಿಗ್ಗೆ ಆಪರೇಷನ್. ಕತ್ತರಿ ಚಾಕು ಎಲ್ಲ ಕುದಿಸಿ ಇಟ್ಟಿರ್ತಾರಾ ಕೇಳು."

ಕೇಳಿದೆ. ಸಿಸ್ಟರ್ ನಗುಮುಖದಲ್ಲಿ ಅದೇ ಮಾತು ಹೇಳಿದರು.

"ದೇವರು ಮನಸ್ಸು ಮಾಡಿದರೆ ಇಟ್ಟಿರ್ತಾರಂತೆ ಸಾರ್."

"ನಾನು ದೇವರನ್ನ ಕೇಳಲಿಲ್ಲ! ಆತ ನಮ್ಮ ಆಸ್ಪತ್ರೇಲಿ ಸಂಬಳಕ್ಕಿಲ್ಲ. ಸಿಸ್ಟರನ್ನ ಕೇಳಿದ್ದು!"

ಕತ್ತರಿ ಚಾಕು ಬೆಳಗಾಗೋ ಮುಂಚೆಯೇ ಕುದ್ದು ಆರಿ ಸಾಲಾಗಿ ಕೂತಿರ್ತಿದ್ದವು ಅನ್ನೋದು ಬೇರೆ ವಿಷಯ. ಆದರೆ ಪ್ರತಿ ಸಲ ಇದೇ ರಾಮಾಯಣ. ಕೊನೆಗೆ ಒಂದು ದಿನ ಡಾಕ್ಟರು, "ಖಚಿತವಾಗಿ ಒಂದು ಉತ್ತರ ಕೊಡೋಕೆ ಬರದವರು ನನ್ನ ಆಸ್ಪತ್ರೇಲಿ ಇರೋದೇ ಬೇಡ" ಅಂದುಬಿಟ್ಟರು. ನನಗೆ ರೈಲಿನ ಶಿಳ್ಳೆ ಕೇಳಿಸಿದಂಗಾಯ್ತು.

ಅವತ್ತು ಆಪರೇಷನ್ ಆಗಿದ್ದು ಒಬ್ಬ ರೈತನ ಹೆಂಡತಿಗೆ. ತೀರಾ ತಡವಾಗಿ ತಂದಿದ್ದರು. ಡಾಕ್ಟರು ಆಚೆ ಬಂದಾಗ ಆ ರೈತ ಕಂಬಳಿ ಹೊದ್ದು ಬಾಗಿಲಲ್ಲೇ ನಿಂತಿದ್ದ.

"ಉಳ್ಕತಾಳಾ ಸಾ?" ಅಂದ.

ಡಾಕ್ಟರು ಕೈ ಒರೆಸ್ತಾ ನೆಲ ನೋಡಿದರು. ಆಮೇಲೆ ಮೆತ್ತಗೆ ಇಂಗ್ಲಿಷಿನಲ್ಲಿ, "ದೇವರು ಮನಸ್ಸು ಮಾಡಿದರೆ" ಅಂದರು.

ಖಚಿತವಾಗಿ ಒಂದು ಉತ್ತರ ಕೊಡಿ ಸಾರ್ ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು. ಸಂಸಾರ ಇರೋನು ನಾನು, ನುಂಗಿಕೊಂಡೆ.

೩. ಏನು ಮಾಡೋಣ

ಸಂತೆ ದಿನ ಆಸ್ಪತ್ರೆಯ ಮೋಟಾರು ಅರಕಲಗೂಡಿಗೆ ಹೋಗ್ತಿತ್ತು. ಒಂದು ಸಲ ನಾವು ಇನ್ನೂ ಔಷಧಿ ಪೆಟ್ಟಿಗೆ ಇಳಿಸ್ತಿದ್ದೆವು, ಎತ್ತಿನ ಗಾಡೀಲಿ ಒಬ್ಬ ಮುದುಕನನ್ನ ಹಾಕಿಕೊಂಡು ಅವನ ತಮ್ಮ ಓಡೋಡಿ ಬಂದ. ಸಿಸ್ಟರ್ ಗಾಡಿ ಹತ್ತಿ ನೋಡಿದರು. ದಾರೀಲೇ ಜೀವ ಹೋಗಿತ್ತು. ಕಣ್ಣು ಮುಚ್ಚಿಸಿ, ಮುಖದ ಮೇಲೆ ಬಟ್ಟೆ ಎಳೆದು, "ಕೆ ಲೆ ವಾಮೋಸ್ ಆ ಅಸೆರ್" ಅಂತ ನಿಟ್ಟುಸಿರು ಬಿಟ್ಟರು.

"ಸಿಸ್ಟರ್ ಏನಂದರು?" ಡಾಕ್ಟರ ಪ್ರಶ್ನೆ.

"ಇದಕ್ಕೆ ನಾವು ಏನು ಮಾಡೋಣ, ಅಂದರು ಸಾರ್."

ಡಾಕ್ಟರು ಕೆಂಡವಾದರು. "ಏನು ಮಾಡೋಣ? ಇಷ್ಟು ವರ್ಷ ದಾದಿ ಕೆಲಸ ಮಾಡಿ ಇದೂ ಗೊತ್ತಿಲ್ಲವಾ? ಮೊದಲು ನಾಡಿ ನೋಡಬೇಕು. ಆಮೇಲೆ ಪಟೇಲನಿಗೆ ತಿಳಿಸಬೇಕು. ಆಮೇಲೆ ಕೈ ತೊಳೀಬೇಕು. ಹೇಳು!"

"ಅದು ಪ್ರಶ್ನೆ ಅಲ್ಲ ಸಾರ್. ಸಂಕಟಕ್ಕೆ ಅನ್ನೋ ಮಾತು."

"ಪ್ರಶ್ನೆ ಅಲ್ಲದಿದ್ದರೆ ಪ್ರಶ್ನೆ ಥರ ಯಾಕಿದೆ?"

ಅಷ್ಟರಲ್ಲಿ ಸತ್ತವನ ತಮ್ಮ ಗಾಡಿ ಗಾಲಿಗೆ ಒರಗಿ, ಟವಲ್ಲಿನಲ್ಲಿ ಕಣ್ಣೊರೆಸಿಕೊಂಡು, "ಏನ್ ಮಾಡಕಾಯ್ತದೆ ಬುಡಿ ಸಾ" ಅಂದ.

"ಇವನೇನಂತಾನೆ?"

"ಸಿಸ್ಟರ್ ಅಂದದ್ದನ್ನೇ ಸಾರ್."

ಡಾಕ್ಟರು ಎರಡೂ ಕೈ ಮೇಲೆತ್ತಿದರು. "ಇಡೀ ಜಿಲ್ಲೆ ನನ್ನೊಬ್ಬನ್ನೇ ಕೇಳಿದರೆ ನಾನು ಯಾರನ್ನ ಕೇಳಲಿ!"

೪. ಒಂಟಿ ಸೀನು

ಚನ್ನರಾಯಪಟ್ಟಣ ದಾಟಿ ಬಾಗೂರಿಗೆ ಹೊರಟಿದ್ದೆವು. ಬಾಗೂರಲ್ಲಿ ಅವತ್ತು ಸಂತೆ, ಕಾಯಿಲೆಯವರು ಕಾದಿರ್ತಾರೆ. ಮೋಟಾರು ಓಡಿಸ್ತಿದ್ದೋನು ಚನ್ನರಾಯಪಟ್ಟಣದೋನೇ. ರಸ್ತೆ ತುಂಬ ಧೂಳು. ಡಾಕ್ಟರು ಒಂದು ಸಲ ಸೀನಿದರು.

"ಹೆಸೂಸ್!" ಅಂದರು ಹಿಂದೆ ಕೂತಿದ್ದ ಸಿಸ್ಟರ್. ಡ್ರೈವರು ಗಕ್ಕನೆ ಗಾಡಿ ನಿಲ್ಲಿಸಿಬಿಟ್ಟ.

"ಸಿಸ್ಟರ್ ಏನಂದರು? ಇವನ್ಯಾಕೆ ನಿಲ್ಲಿಸಿದ?"

"ಏಸು ಅಂದರು ಸಾರ್. ಸೀನಿದೋರಿಗೆ ಒಳ್ಳೇದಾಗಲಿ ಅಂತ ಅವರ ಕಡೆ ಹಾಗನ್ನೋದು ವಾಡಿಕೆ. ಡ್ರೈವರು..." ನಾನು ಅವನ ಮುಖ ನೋಡಿದೆ.

"ಒಂಟಿ ಸೀನು ಕಣ್ ಸಾ, ಅಪಶಕುನ" ಅಂದ ಡ್ರೈವರು. "ಇನ್ನೊಂದು ಸೀನ್ಬುಡಕ್ಕೇಳಿ, ಓಯ್ತಾ ಇರ್ತೀನಿ."

ಇದನ್ನ ಇಂಗ್ಲಿಷಿಗೆ ಹೇಳುವಾಗ ನನ್ನ ಮೈ ಬೆವೆತು ಹೋಯ್ತು. ಡಾಕ್ಟರು ಸೀನೋದಿಲ್ಲ ಅಂತ ಹಟ ಹಿಡಿದರು. ಡ್ರೈವರು ಓಡಿಸೋದಿಲ್ಲ ಅಂತ ಹಟ ಹಿಡಿದ. ಬಿಸಿಲಲ್ಲಿ ತಗಡು ಕಾದು ಕೂರೋಕಾಗ್ತಿರಲಿಲ್ಲ. ಕೊನೆಗೆ ಡಾಕ್ಟರೇ ಸೋತು, ಡ್ರೈವರು ಚಾಚಿದ ನಶ್ಯದ ಡಬ್ಬಿಗೆ ಬೆರಳಿಟ್ಟರು. ಅಯ್ಯಯ್ಯೋ! ಒಂದರ ಹಿಂದೆ ಒಂದು ಬಂದವು ನೋಡಿ ಸೀನು, ನಿಲ್ಲೋ ಹಂಗೇ ಕಾಣಲಿಲ್ಲ. ಪ್ರತಿ ಸೀನಿಗೂ ಸಿಸ್ಟರ್ ತಪ್ಪದೆ "ಹೆಸೂಸ್" ಅಂದರು. ಡ್ರೈವರು ಬೆರಳು ಮಡಿಸಿ ಎಣಿಸ್ತಿದ್ದ.

ಎಲ್ಲ ನಿಂತ ಮೇಲೆ ಅವನು ತಲೆ ಕೆರೆದುಕೊಂಡು, "ಬೆಸ ಬಂದ್ಬುಡ್ತಲ್ಲ ಸಾ" ಅಂದ.

ಬಾಗೂರು ಸೇರೋ ಹೊತ್ತಿಗೆ ಸಂತೆ ಕರಗಿತ್ತು. ಕಾದು ಕಾದು ಕಾಯಿಲೆಯವರೆಲ್ಲ ಎದ್ದು ಹೋಗಿದ್ದರು, ಪಾಪ. ಖಾಲಿ ಮೈದಾನ ನೋಡಿ ನನಗೂ ಅಳು ಬರೋ ಹಂಗಾಯ್ತು. ಡಾಕ್ಟರು ಕೆಂಪು ಮೂಗು ಒರೆಸ್ತಾ ನನ್ನ ಕಡೆ ತಿರುಗಿದರು. "ಸಿಸ್ಟರ್ ಏಸುವನ್ನ ಕರೀತಾರೆ, ಇವನು ಗಾಡಿ ನಿಲ್ಲಿಸ್ತಾನೆ, ನೀನು ಎರಡಕ್ಕೂ ಅರ್ಥ ಹೇಳ್ತೀಯ. ಆ ರೈಲಿಗೆ ಮೊದಲು ನಿನ್ನನ್ನೇ ಹತ್ತಿಸಬೇಕು."

೫. ನಿಮ್ಮ ಮನೆ

ರೋಗಿಗಳು ಗುಣವಾಗಿ ಹೊರಟರೆ ಸಿಸ್ಟರ್ ಗೇಟಿನ ತನಕ ಬಂದು, "ಆಕಿ ತಿಯೆನೆ ಸು ಕಾಸಾ" ಅಂತಿದ್ದರು. ಇಲ್ಲಿ ನಿಮ್ಮದೊಂದು ಮನೆ ಇದೆ, ಅಂತ. ಅವರ ನಾಡಿನಲ್ಲಿ ಮನೆಗೆ ಬಂದು ಹೋಗೋರಿಗೆಲ್ಲ ಹೇಳೋ ಉಪಚಾರದ ಮಾತು. ನಾನು ಅದನ್ನ ಕನ್ನಡಕ್ಕೆ ಹೇಳಿದರೆ ನಮ್ಮ ಜನ ಬೆಚ್ಚಿಬೀಳ್ತಿದ್ದರು. "ಆಸ್ಪತ್ರೆ ನಮ್ಮನೆ ಆಗೋದಾ? ಬುಡ್ತು ಅನ್ನಿ ತಾಯಿ, ಬುಡ್ತು ಅನ್ನಿ!" ಅಂತ ಹಿಂದೆ ತಿರುಗಿ ನೋಡದೆ ಓಡ್ತಿದ್ದರು.

ಒಬ್ಬಳು ಮಾತ್ರ ಓಡಲಿಲ್ಲ. ಮೊಸಳೆ ಅನ್ನೋ ಊರಿನ ಕಡೆಯ ಒಬ್ಬ ಅಜ್ಜಿ, ಸೊಪ್ಪು ಮಾರೋಳು, ಹಿಂದೆ ಮುಂದೆ ಯಾರೂ ಇಲ್ಲ. ಕಾಲಿನ ಹುಣ್ಣು ವಾಸಿ ಮಾಡಿಸಿಕೊಂಡು ಹೋಗಿದ್ದಳು. ಮಳೇಲಿ ಅವಳ ಗುಡಿಸಲ ಗೋಡೆ ಕುಸೀತು. ಒಂದು ಬೆಳಿಗ್ಗೆ ಕಂಕುಳಲ್ಲಿ ಗಂಟು, ಕೈಯಲ್ಲೊಂದು ಕೋಳಿ ಹಿಡಿದು ಬಂದವಳೇ ಹೆಂಗಸರ ವಾರ್ಡಿನ ಜಗಲಿ ಗುಡಿಸಿ, ಚಾಪೆ ಹಾಸಿ, ಕೋಳೀನ ಕಂಬಕ್ಕೆ ಕಟ್ಟಿ ಕೂತಳು.

"ಏನಜ್ಜಿ ಇದು?" ಅಂದೆ.

"ಅವ್ವಾರು ಅಂದಿರ್ನಿಲ್ವಾ, ನಿನ್ ಮನೆ ಐತೆ ಅಂತ? ಅದ್ಕೇ ಬಂದ್ಬುಟ್ಟೆ ಕಣಪ್ಪ."

ಕೋಳಿ ಕೂಗಿದ್ದು ಕೇಳಿ ಡಾಕ್ಟರು ಬಂದರು. ನಾನು ವಿಷಯ ಹೇಳಿದೆ. "ಆಸ್ಪತ್ರೆ ಛತ್ರ ಅಲ್ಲ! ಸಿಸ್ಟರ್ ಆ ಮಾತನ್ನ ನಿಜಕ್ಕೂ ಹೇಳಿದ್ದಾ, ಸುಮ್ಮನೆ ಅಂದದ್ದಾ? ಸರಿಯಾಗಿ ಕೇಳಿ ಹೇಳು."

ಸುಮ್ಮನೆ ಅಂದದ್ದು ಅಂದಿದ್ದರೆ ಸಿಸ್ಟರ್ ಬಚಾವಾಗ್ತಿದ್ದರು, ಅಜ್ಜಿ ಬೀದಿಗೆ ಬೀಳ್ತಿದ್ದಳು. ಹಾಗೆ ಅಂದುಬಿಡಲಿ ಅಂತ ನಾನೂ ಮನಸ್ಸಿನಲ್ಲಿ ಬೇಡಿಕೊಂಡೆ. ಸಿಸ್ಟರ್ ಕೋಳಿ ನೋಡಿದರು, ಅಜ್ಜೀನ ನೋಡಿದರು, ಆಮೇಲೆ ನಿಧಾನಕ್ಕೆ ಮಾತಾಡಿದರು. ನಾನು ಅಷ್ಟನ್ನೂ ಇಂಗ್ಲಿಷಿಗೆ ಹೇಳಿದೆ: "ನಮ್ಮೂರಲ್ಲಿ ಬಂದೋರಿಗೆಲ್ಲ ನಮ್ಮಮ್ಮ ಹೀಗೇ ಹೇಳ್ತಿದ್ದಳು. ಯಾರೂ ಗಂಟು ಹೊತ್ತು ಬಂದಿರಲಿಲ್ಲ. ಈಗ ಅಮ್ಮನೂ ಇಲ್ಲ, ಆ ಮನೆಯೂ ಇಲ್ಲ, ಆ ಮಾತು ಒಂದೇ ಉಳಿದಿರೋದು. ಅದನ್ನ ನಂಬಿ ಬಂದೋಳು ಇವಳೊಬ್ಬಳೇ. ಸುಳ್ಳು ಅಂತ ಹೇಗೆ ಹೇಳಲಿ?"

ಡಾಕ್ಟರ ಮುಖ ಇನ್ನಷ್ಟು ಕೆಂಪಾಯ್ತು. "ಮುಗೀತು. ಸಿಸ್ಟರ್ ಶನಿವಾರದ ರೈಲಿಗೆ ಹೊರಡಲಿ. ಈ ಮುದುಕಿ ಈಗಲೇ ಹೊರಡಲಿ. ಇಬ್ಬರಿಗೂ ಅವರವರ ಭಾಷೇಲಿ ಹೇಳು!"

ನಾನು ಬಾಯಿ ತೆರೆದೆ. ಯಾವ ಭಾಷೆಯೂ ಬರಲಿಲ್ಲ. ಅಷ್ಟರಲ್ಲಿ ಅಜ್ಜಿಯೇ ಕೇಳಿದಳು.

"ಯಾರ್ಲಾ ಮಗ ಆ ಕೆಂಪ್ ಮೋರೆಯೋನು? ಆಗ್ಲಿಂದ ನಮ್ಮನೆ ಬಾಗ್ಲಲ್ಲಿ ನಿಂತ್ಕಂಡು ಕೂಗಾಡ್ತಾವ್ನೆ? ಅಸ್ಕಂಡಿರ್ಬೇಕು ಪಾಪ. ಒಳೀಕ್ ಕರಿಯಪ್ಪ, ಕುಂತ್ಕಳ್ಳಿ."

"ಏನಂತಾಳೆ?" ಅಂದರು ಡಾಕ್ಟರು.

ಒಂದಕ್ಷರ ಬಿಡದೆ ಹೇಳಿದೆ. ಕೆಂಪು ಮೋರೆಯನ್ನೂ ಬಿಡಲಿಲ್ಲ.

ಡಾಕ್ಟರು ಇಷ್ಟು ವರ್ಷ ಹಾಸನದ ಎಷ್ಟೋ ದೊಡ್ಡ ಮನೆಗಳ ಜೀವ ಉಳಿಸಿದ್ದರು. ಆ ಮನೆಗಳಲ್ಲಿ ಅವರಿಗೆ ಜಗಲಿ ಮೇಲೆ ಕುರ್ಚಿ ಹಾಕ್ತಿದ್ದರು, ಅವರು ಎದ್ದು ಹೋದ ಮೇಲೆ ಕುರ್ಚಿ ತೊಳೀತಿದ್ದರು. ಒಳಗೆ ಬಾ, ಹಸಿದಿದ್ದೀಯ ಅಂತ ಒಬ್ಬರೂ ಅಂದಿರಲಿಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಜಗಲಿ ಅಂಚಿಗೆ ಕೂತರು. ಅಜ್ಜಿ ಗಂಟು ಬಿಚ್ಚಿ ರಾಗಿ ರೊಟ್ಟಿ ಮುರಿದು, ಹುಚ್ಚೆಳ್ಳು ಚಟ್ನಿ ಹಚ್ಚಿ ಕೈಗಿಟ್ಟಳು. ಡಾಕ್ಟರು ತಿಂದರು. ಖಾರಕ್ಕೋ ಯಾತಕ್ಕೋ ಕಣ್ಣಲ್ಲಿ ನೀರು ಬಂತು. ಸಿಸ್ಟರ್ ಒಳಗಿನಿಂದ ನೀರು ತಂದುಕೊಟ್ಟರು. ಯಾರೂ ನನ್ನನ್ನ ಏನೂ ಕೇಳಲಿಲ್ಲ. ನನ್ನ ಉದ್ಯೋಗದಲ್ಲಿ ಅಂಥ ಹೊತ್ತು ಅದೊಂದೇ.

ಕೈ ತೊಳೆದುಕೊಂಡು ಡಾಕ್ಟರು, "ಕೋಳಿ ಮಾತ್ರ ವಾರ್ಡಿನ ಒಳಗೆ ಬರಕೂಡದು" ಅಂದರು. ರೈಲಿನ ಮಾತು ಅವತ್ತೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

ಎದ್ದು ಹೊರಟವರನ್ನ ಅಜ್ಜಿ ಕೈಸನ್ನೆ ಮಾಡಿ ನಿಲ್ಲಿಸಿದಳು. "ಇಂಗೇ ಆಗಾಗ ಬತ್ತಾ ಇರಪ್ಪ. ಸಂಕೋಚ ಪಟ್ಕಬ್ಯಾಡ. ಇದು ನಿನ್ ಮನೆ ಅಂತ್ಲೇ ತಿಳ್ಕ."

ಇಂಗ್ಲಿಷಿಗೆ ಹೇಳಿದೆ. ಡಾಕ್ಟರು ಟೋಪಿ ತೆಗೆದು, ತಾವೇ ಕಟ್ಟಿಸಿದ ಆಸ್ಪತ್ರೆಯ ಜಗಲೀಲಿ ನಿಂತು, ಅಜ್ಜಿಗೆ ಥ್ಯಾಂಕ್ಸ್ ಹೇಳಿದರು.